ಹಕ್ಕಿ ಹುಡುಕಬೇಡಿ, ವಿಳಾಸ ಹುಡುಕಿ

ಹೋದ ಡಿಸೆಂಬರಿನಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಕೈಯಲ್ಲಿ ಹೊಸ ಕ್ಯಾಮೆರಾ, ಅದಕ್ಕೆ ಮೊಣಕೈಯಷ್ಟುದ್ದದ ಲೆನ್ಸು. ಕಬಿನಿ ಕಡೆ ಕರ್ಕೊಂಡು ಹೋಗು ಮಾವ ಅಂದಳು. ಹೋದೆವು. ಕಾಡಂಚಿನ ಒಂದು ಹೊಲದ ಬದುವಿನಲ್ಲಿ ನಿಂತು ಅರ್ಧ ಗಂಟೆ ಲೆನ್ಸನ್ನು ಆ ಕಡೆ ಈ ಕಡೆ ತಿರುಗಿಸಿದಳು. ಕೊನೆಗೆ ಮುಖ ಊದಿಸಿಕೊಂಡು, "ಮಾವ, ಇಲ್ಲಿ ಹಕ್ಕಿಗಳೇ ಇಲ್ವಲ್ಲ" ಅಂದಳು.

ಅಷ್ಟು ಹೊತ್ತಿಗೆ ನಾನು ಕೂತಲ್ಲೇ 14 ಬಗೆ ಎಣಿಸಿದ್ದೆ. ನನ್ನ ಕಣ್ಣು ಅವಳದಕ್ಕಿಂತ ಚುರುಕು ಅಂತಲ್ಲ. ಪೊರೆ ತೆಗೆಸಿ ಎರಡು ವರ್ಷ ಆಯಿತು. ಅವಳು ಹಕ್ಕಿ ಹುಡುಕುತ್ತಿದ್ದಳು, ನಾನು ಜಾಗ ನೋಡುತ್ತಿದ್ದೆ. ಅವತ್ತು ಸಂಜೆವರೆಗೆ ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಹಕ್ಕಿ ನೋಡಲು ಶುರು ಮಾಡುವವರಿಗೆ, ಅದರಲ್ಲೂ ನಾಗರಹೊಳೆ, ಕಬಿನಿ ಕಡೆ ಹೋಗುವವರಿಗೆ.

ನಾನು ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಮೈಸೂರಿನಿಂದ ಕೋಟೆ, ಅಂತರಸಂತೆ ಮೇಲೆ ಬಾವಲಿಗೆ ಹೋಗುವ ರಸ್ತೆಯಲ್ಲೇ 17 ವರ್ಷ ಕಳೆದೆ. ಕೋಟೆ ಅಂದರೆ ಹೆಗ್ಗಡದೇವನಕೋಟೆ. ನಮ್ಮ ಕಡೆ ಅಷ್ಟುದ್ದ ಯಾರೂ ಹೇಳುವುದಿಲ್ಲ. ಈ ಕೆಲಸದಲ್ಲಿ ಒಂದು ವಿದ್ಯೆ ತಾನಾಗಿ ಬರುತ್ತದೆ. ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ ಅನ್ನುವುದು. ಹಂಪಾಪುರದಲ್ಲಿ ಹತ್ತುವ ಮೇಷ್ಟ್ರು ಹ್ಯಾಂಡ್‌ಪೋಸ್ಟಿನಲ್ಲಿ ಇಳಿಯುತ್ತಾರೆ. ಜಯಪುರದಲ್ಲಿ ಹೂವಿನ ಬುಟ್ಟಿ ಹತ್ತಿದರೆ ಅದು ಮೈಸೂರಿಗೇ. ಮುಖ ನೋಡದೆ ಟಿಕೆಟ್ ಹರಿಯಬಹುದು.

ಹಕ್ಕಿಗೂ ಇದೇ ಲೆಕ್ಕ ಅಂತ ತೋರಿಸಿಕೊಟ್ಟವರು ನಮ್ಮ ಡ್ರೈವರ್ರು. ಅವರಿಗೆ ನಾಲ್ಕೈದು ಹಕ್ಕಿಯ ಹೆಸರಿಗಿಂತ ಜಾಸ್ತಿ ಗೊತ್ತಿರಲಿಲ್ಲ. ಆದರೆ ದಿನಾ ಅದೇ ರಸ್ತೆ, ಅದೇ ಹೊತ್ತು. ಸ್ಟೀರಿಂಗಿನಿಂದ ಕೈ ತೆಗೆಯದೆ ಗದ್ದ ಆಡಿಸಿ, "ಆ ಮೂರನೇ ಒಣಮರ ನೋಡಿ, ಕೂತಿರ್ತದೆ" ಅನ್ನೋರು. ಕೂತಿರುತ್ತಿತ್ತು. ಒಂದು ದಿನ ತಪ್ಪಿದರೆ, "ಇವತ್ತು ರಜಾ" ಅನ್ನೋರು. ಅದು ಬೂದುತಲೆಯ ಮೀನುಗಿಡುಗ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷ ಆದ ಮೇಲೆ. ಹೆಸರು ಆಮೇಲೆ ಬಂತು, ವಿಳಾಸ ಮೊದಲೇ ಸಿಕ್ಕಿತ್ತು.

ಮೊದಲು ಕಿಟಕಿ ಸೀಟು ಹಿಡಿಯಿರಿ

ಕಾಡಿಗೆ ಹೋಗಿ ಹಕ್ಕಿ ನೋಡುವುದನ್ನು ಶುರು ಮಾಡಬೇಡಿ. ಕಾಡಿಗೆ ಹೋಗುವ ದಾರಿಯಲ್ಲೇ ಶುರು ಮಾಡಿ. ಮೈಸೂರಿನಲ್ಲಿ ಬೆಳಗಿನ ಬಸ್ಸು ಹತ್ತಿ, ಎಡಗಡೆ ಕಿಟಕಿ ಹಿಡಿಯಿರಿ. ಮುಂದೆ ಕಬಿನಿ ಹಿನ್ನೀರು ಇರುವುದು ಅದೇ ಕಡೆ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ.

ಊರು ದಾಟಿದ ಮೇಲೆ ಕರೆಂಟು ತಂತಿ ನೋಡುತ್ತಾ ಹೋಗಿ. ಜಯಪುರದ ಆಚೆಈಚೆ ಎಲ್ಲಾ ಹುರುಳಿ, ರಾಗಿ, ಹತ್ತಿ ಹೊಲ. ಬಯಲು. ತಂತಿಯ ಮೇಲೆ ಕಪ್ಪಗೆ, ಬಾಲ ಮೀನಿನ ಹಾಗೆ ಕವಲೊಡೆದದ್ದು ಕಾಜಾಣ. ಹಸಿರಾಗಿ, ಗುಬ್ಬಿಗಿಂತ ಸ್ವಲ್ಪ ಉದ್ದ, ಪಟಕ್ಕನೆ ಹಾರಿ ನೊಣ ಹಿಡಿದು ಮತ್ತೆ ಅದೇ ತಂತಿಗೆ ಬಂದು ಕೂರುವುದು ಕಳ್ಳಿಪೀರ. ಕೂತಾಗ ಮಂಕು ಮಂಕಾಗಿದ್ದು, ಹಾರಿದ ತಕ್ಷಣ ರೆಕ್ಕೆಯಲ್ಲಿ ನೀಲಿ ಬೆಂಕಿ ಹತ್ತಿಕೊಂಡ ಹಾಗೆ ಕಂಡರೆ ಅದು ನೀಲಕಂಠ, ನಮ್ಮ ರಾಜ್ಯಪಕ್ಷಿ. ಇವಕ್ಕೆಲ್ಲ ಬೇಕಾದದ್ದು ಒಂದೇ. ಎತ್ತರದಲ್ಲಿ ಒಂದು ಆಸನ, ಕೆಳಗೆ ತೆರೆದ ನೆಲ. ದಟ್ಟ ಕಾಡಿನೊಳಗೆ ಇವನ್ನು ಹುಡುಕಿದರೆ ಸಿಗುವುದು ಕಷ್ಟ.

ನವೆಂಬರಿನಿಂದ ಫೆಬ್ರವರಿ ತನಕ ಇದೇ ಹೊಲಗಳ ಮೇಲೆ, ಆಳೆತ್ತರದಲ್ಲಿ ತೇಲುತ್ತಾ ಹೋಗುವ ಉದ್ದ ರೆಕ್ಕೆಯ ಹಕ್ಕಿ ಕಾಣಬಹುದು. ಅದು ಸೆಳೆವ. ತುಂಬಾ ದೂರದ ಉತ್ತರ ದೇಶಗಳಿಂದ ಚಳಿಗಾಲಕ್ಕೆ ಬರುತ್ತದೆ. ಇಲಿ, ಮಿಡತೆ ಹಿಡಿದುಕೊಂಡು ಇದ್ದು ಹೋಗುತ್ತದೆ. ರಾತ್ರಿ ನೆಲದ ಮೇಲೇ ಹುಲ್ಲಿನಲ್ಲಿ ಮಲಗುತ್ತದೆ. ಹುಲ್ಲು ಬಯಲನ್ನು ನಾವು ಖಾಲಿ ಜಾಗ ಅಂತೀವಿ. ಅದಕ್ಕೆ ಅದೇ ಲಾಡ್ಜು.

ಇನ್ನು ಟಿಟ್ಟಿಭ. ಕೆರೆ, ಗದ್ದೆ ಹತ್ತಿರ ಓಡಾಡುವುದಕ್ಕೆ ಕಣ್ಣಿನ ಮುಂದೆ ಕೆಂಪು ಚರ್ಮ. ಕಲ್ಲು ಹರಳಿನ ಒಣ ಬೀಳಿನಲ್ಲಿ ಇರುವುದಕ್ಕೆ ಹಳದಿ ಚರ್ಮ. ಹಳದಿಯದು ಸ್ವಲ್ಪ ಚಿಕ್ಕದು, ನಡಿಗೆ ಮಾತ್ರ ಎರಡಕ್ಕೂ ಒಂದೇ. ದೂರದಿಂದ ಬಣ್ಣ ಕಾಣದಿದ್ದರೆ ನೆಲ ನೋಡಿ. ಹತ್ತಿರದಲ್ಲಿ ನೀರಿದ್ದರೆ ಕೆಂಪು ಇರಬಹುದು ಅಂತ ಊಹಿಸಿ. ಆಮೇಲೆ ದುರ್ಬೀನಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ಹೀಗೆ ಊಹಿಸಿ ತಾಳೆ ನೋಡುವುದೇ ಅರ್ಧ ಕಲಿಕೆ.

ಗಿಳಿಯನ್ನೇ ಮೈಲಿಗಲ್ಲು ಮಾಡಿಕೊಳ್ಳಿ

ಅಕ್ಕನ ಮಗಳಿಗೆ ಚೆನ್ನಾಗಿ ನಾಟಿದ್ದು ಈ ಪಾಠ. ಮೈಸೂರಿನ ಸಾಲುಮರಗಳಲ್ಲಿ ಸಂಜೆ ಕಿರುಚಾಡುವುದು ಮಾಮೂಲಿ ಗಿಳಿ. ಗಂಡಿಗೆ ಕೊರಳಲ್ಲಿ ಗುಲಾಬಿ ಬಳೆ. ಕೋಟೆ ದಾಟಿ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಗಳು ಮುಗಿದು, ಕುರುಚಲು ಕಾಡು ಶುರುವಾದರೆ ಕೆಂಪುತಲೆ ಗಿಳಿ ಕಾಣತೊಡಗುತ್ತದೆ. ಗಾತ್ರದಲ್ಲಿ ಚಿಕ್ಕದು. ಗಂಡಿನ ತಲೆ ಮಾಗಿದ ನೇರಳೆ ಹಣ್ಣಿಗೆ ಕುಂಕುಮ ಕಲಸಿದ ಬಣ್ಣ. ಕಿರುಚುವುದಿಲ್ಲ, ಮೆತ್ತಗೆ "ಟೂಯ್?" ಅಂತ ಏನೋ ಕೇಳಿದ ಹಾಗೆ ಕೂಗಿ ಬಾಣದಂತೆ ಹೋಗುತ್ತದೆ. ಇನ್ನೂ ಪಶ್ಚಿಮಕ್ಕೆ, ಬಾವಲಿ ಹತ್ತಿರ ಹತ್ತಿರ ಬಂದ ಹಾಗೆ, ನೀಲಿ ರೆಕ್ಕೆಯ ಗಿಳಿ. ಮೈ ಬೂದು, ಬಾಲದ ತುದಿ ಹಳದಿ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಗಿಳಿ ಇದು.

ಒಂದೇ ಟಿಕೆಟ್ಟಿನಲ್ಲಿ ಮೂರು ಗಿಳಿ, ಮೂರು ನಾಡು. ಯಾಕೆ ಹೀಗೆ ಅಂದರೆ, ಮಳೆ. ಘಟ್ಟ ತಡೆದು ಉಳಿದ ಮಳೆ ಪಶ್ಚಿಮದ ಕಡೆ ಜಾಸ್ತಿ ಸುರಿದು, ಮೈಸೂರಿನ ಕಡೆ ಬರಬರುತ್ತಾ ಕಮ್ಮಿಯಾಗುತ್ತದೆ. ನಾಗರಹೊಳೆಯ ಪಶ್ಚಿಮ ಭಾಗ ಅದಕ್ಕೇ ಹಸಿ ಕಾಡು, ಪೂರ್ವ ಭಾಗ ಒಣ ಕಾಡು. ಹಿನ್ನೀರಿನ ಆಚೆ ದಡ ಬಂಡೀಪುರದ್ದು. ಅದು ಇನ್ನೂ ಒಣ. ಎರಡೂ ಸೇರಿ ನೀಲಗಿರಿ ಜೀವಗೋಳ ಮೀಸಲು ಪ್ರದೇಶದ ಭಾಗ. 1986ರಲ್ಲಿ ದೇಶದಲ್ಲೇ ಮೊದಲು ಘೋಷಣೆಯಾದ ಜೀವಗೋಳ ಮೀಸಲು ಅದು.

ಒಣವೋ ಹಸಿಯೋ ತಿಳಿಯಲು ಮರದ ತೊಗಟೆ ನೋಡಿದರೆ ಸಾಕು. ತೆಳು ಬೂದು ಮೈಯ ದಿಂಡಿಗ, ಅಲ್ಲಲ್ಲಿ ನೆಲ್ಲಿ, ಮುತ್ತುಗ, ಮಧ್ಯೆ ಮಧ್ಯೆ ಆಕಾಶ ಕಂಡರೆ ಒಣ ಕಾಡು. ಮೊಸಳೆ ಚರ್ಮದ ಹಾಗೆ ಬಿರಿದ ತೊಗಟೆಯ ಮತ್ತಿ ಎರಡೂ ಕಡೆ ಇರುತ್ತದೆ, ಅದನ್ನು ನಂಬಬೇಡಿ. ನುಣ್ಣನೆ ಬೆಳ್ಳಗಿನ ನಂದಿ ಮರ, ದೊಡ್ಡ ಬೀಟೆ, ಮೇಲೆ ಸೇರಿಕೊಂಡ ಕೊಂಬೆ, ಕೆಳಗೆ ನೆರಳು ಇದ್ದರೆ ಹಸಿ ಕಾಡು. ಒಂದೇ ವಯಸ್ಸಿನ ತೇಗ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದರೆ ಅದು ಹಿಂದೆ ಯಾರೋ ನೆಟ್ಟ ತೋಪು. ಅಲ್ಲಿ ನಾನು ಟಿಕೆಟ್ ಲೆಕ್ಕ ಬರೆದುಕೊಳ್ಳುತ್ತಿದ್ದೆ. ಹಕ್ಕಿ ಇರುವುದೇ ಇಲ್ಲ ಅಂತಲ್ಲ. ಒಂದೇ ಬಗೆಯ ಮರ, ಒಂದೇ ಬಗೆಯ ಊಟ. ಬರುವ ಗಿರಾಕಿಗಳೂ ಕಮ್ಮಿ.

ಕಾಡಿನ ಗೇಟಿನ ಒಳಗೆ ಹೋದ ಮೇಲೆ ರಸ್ತೆಯಲ್ಲಿ ಎಲ್ಲೂ ಇಳಿಯುವ ಹಾಗಿಲ್ಲ. ಸ್ವಂತ ಕಾರಾದರೂ ಅಷ್ಟೇ. ಹಕ್ಕಿ ಕಂಡಿತು ಅಂತ ನಿಲ್ಲಿಸುವಂತಿಲ್ಲ, ಹಾರ್ನ್ ಬಾರಿಸುವಂತಿಲ್ಲ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಈ ರಸ್ತೆ ಬಂದ್. ಸಫಾರಿ ಹೊರಡುವುದು ದಮ್ಮನಕಟ್ಟೆಯಿಂದ. ಕೆಲವೊಮ್ಮೆ ನಿಲ್ಲಿಸಿರುತ್ತಾರೆ, ಹೊರಡುವ ಮುಂಚೆ ಕೇಳಿಕೊಳ್ಳಿ. ಸಫಾರಿ ಸಿಗದಿದ್ದರೂ ಬೇಜಾರು ಬೇಡ. ಕಾಡಂಚಿನ ಊರುಗಳ ಹೊಲ, ತೋಟ, ಕೆರೆಗಳಲ್ಲಿ, ಜಮೀನಿನವರನ್ನು ಒಂದು ಮಾತು ಕೇಳಿ ಕೂತರೆ, ಜೀಪಿಗಿಂತ ಜಾಸ್ತಿ ಹಕ್ಕಿ ಕಾಣುತ್ತದೆ. ಜೀಪಿನಲ್ಲಿ ಎಲ್ಲರಿಗೂ ಹುಲಿಯದೇ ಚಿಂತೆ ಅಲ್ವಾ.

ಒಂದು ಅತ್ತಿ ಮರ, ಒಂದು ಗಂಟೆ

ನಾವು ಕೂತಿದ್ದದ್ದು ಕಾರಾಪುರದ ಈಚೆ ಒಂದು ಹೊಲದ ಬದುವಿನಲ್ಲಿ. ಎದುರಿಗೆ ಒಂದು ಹಳೇ ಅತ್ತಿ ಮರ. ಹಿಂದೆ ಆನೆ ಕಂದಕ, ಅದರಾಚೆ ಕಾಡು. ಹಕ್ಕಿ ಇಲ್ಲ ಅಂದಳಲ್ಲ, ಅವಳಿಗೆ ಹೇಳಿದೆ. "ಹಕ್ಕಿ ಬಿಡು. ಮೊದಲು ಮರ ನೋಡು. ಏನು ನಡೀತಿದೆ ಹೇಳು."

ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ಆಮೇಲೆ, "ಹಣ್ಣು ಬೀಳ್ತಾ ಇದೆ" ಅಂದಳು.

"ಗಾಳಿ ಇದೆಯಾ?"

"ಇಲ್ಲ."

"ಮತ್ತೆ ಯಾರು ಬೀಳಿಸ್ತಿದ್ದಾರೆ?"

ಅಲ್ಲಿಂದ ಅವಳ ಕಣ್ಣು ಬೇರೆಯಾಯಿತು. ಟಪ್, ಟಪ್ ಅಂತ ಎಲ್ಲಿ ಹಣ್ಣು ಬೀಳುತ್ತಿತ್ತೋ ಅದರ ನೇರ ಮೇಲೆ ನೋಡತೊಡಗಿದಳು. ಅತ್ತಿ ಹಣ್ಣು ಕಾಂಡಕ್ಕೇ ಗೊಂಚಲು ಕಟ್ಟುತ್ತದೆ. ಹಾಗಾಗಿ ದಪ್ಪ ಕೊಂಬೆಗಳನ್ನು ಬುಡದಿಂದ ತುದಿಗೆ ಓದಿಕೊಂಡು ಹೋಗಬೇಕು. ಮೊದಲು ಕಂಡದ್ದು ಕುಟ್ರು ಹಕ್ಕಿ. ಹಸಿರು ಮೈ, ಕೆನ್ನೆ ಬಿಳಿ, ಕೊಕ್ಕಿನ ಬುಡದಲ್ಲಿ ಮೀಸೆಯ ಹಾಗೆ ಒರಟು ಕೂದಲು. ಹಣ್ಣನ್ನು ಕುಕ್ಕಿ ಕುಕ್ಕಿ ಅರ್ಧ ತಿಂದು ಅರ್ಧ ಬೀಳಿಸುತ್ತಿತ್ತು. ಪಕ್ಕದ ಕೊಂಬೆಯಲ್ಲಿ ಎರಡು ಗೊರವಂಕ, ಅವು ಅದನ್ನು ಓಡಿಸಲು ನೋಡುತ್ತಿದ್ದವು. ಎಲೆಹಕ್ಕಿ ಒಂದು ತಲೆಕೆಳಗಾಗಿ ನೇತಾಡುತ್ತಿತ್ತು, ಹಣ್ಣಿಗಲ್ಲ, ಹಣ್ಣಿಗೆ ಮುತ್ತಿದ ಹುಳಕ್ಕೆ. ತುದಿಯ ಎಲೆಗಳ ನಡುವೆ ಇನ್ನೊಂದು ಹಿಂಡು ಇತ್ತು. ಎಲೆಯದೇ ಬಣ್ಣ. ಒಂದು ಅಲುಗಿದಾಗ ಮಾತ್ರ ಕಾಣುವುದು, ನಿಂತರೆ ಮಾಯ. ಅದು ಏನು ಅಂತ ನಾನು ಬೇಕಂತಲೇ ಹೇಳಲಿಲ್ಲ.

ಬುಡದಲ್ಲಿ ಬಿದ್ದ ಹಣ್ಣಿಗೆ ಕಂದಕದ ಕಡೆಯಿಂದ ಕಾಡುಕೋಳಿ ಹುಂಜ ಬಂತು. ನಾಲ್ಕು ಹೆಜ್ಜೆ, ನಿಲ್ಲು. ನಾಲ್ಕು ಹೆಜ್ಜೆ, ನಿಲ್ಲು. ನಮ್ಮ ದಕ್ಷಿಣದ ಕಾಡುಕೋಳಿ ಬೂದು ಬಣ್ಣದ್ದು. ಕೊರಳಿನ ಗರಿಯಲ್ಲಿ ಮೇಣ ಮೆತ್ತಿದ ಹಾಗೆ ಹಳದಿ ಚುಕ್ಕೆ. ಅದರ ಹಿಂದೆ ಏಳೆಂಟು ಹರಟೆಮಲ್ಲಗಳು, ಒಂದೇ ಸಮ ಜಗಳ. ಗಂಟೆ ಮುಗಿಯುವಷ್ಟರಲ್ಲಿ ಅವಳ ಪಟ್ಟಿಯಲ್ಲಿ 11 ಆಗಿತ್ತು. ಜಾಗ ಬಿಟ್ಟು ಒಂದು ಹೆಜ್ಜೆ ಕದಲಿರಲಿಲ್ಲ.

ಮರವನ್ನು ಮಹಡಿ ಮನೆ ಅಂತ ತಿಳಿದುಕೊಳ್ಳಿ. ನೆಲದಲ್ಲಿ ಕಾಡುಕೋಳಿ, ನವಿಲು. ಚಳಿಗಾಲವಾದರೆ ತರಗೆಲೆ ಕೆದಕುತ್ತಾ ನವರಂಗ. ಒಂಬತ್ತು ಬಣ್ಣದ ಹಕ್ಕಿ, ಆದರೂ ನೆರಳಿನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಪೊದೆಯ ಮಟ್ಟದಲ್ಲಿ ಪಿಕಳಾರ, ಹರಟೆಮಲ್ಲ. ನಡುವಿನ ಗಾಳಿಯಾಡುವ ಜಾಗದಲ್ಲಿ ನೊಣಹಿಡುಕಗಳು. ಬಿಳಿ ರಿಬ್ಬನ್ನಿನ ಹಾಗೆ ಬಾಲ ಎಳೆದುಕೊಂಡು ಹೋಗುವ ರಾಜಹಕ್ಕಿಯ ಮಹಡಿಯೂ ಇದೇ. ಕಾಂಡದ ಮೇಲೆ ಮರಕುಟಿಗ, ಮರಗುಬ್ಬಿ. ಇವೆರಡನ್ನು ಬೇರೆ ಮಾಡಲು ಬಣ್ಣವೂ ಬೇಡ. ಮರಕುಟಿಗ ಬಾಲ ಊರಿಕೊಂಡು ಮೇಲಕ್ಕೇ ಹತ್ತುತ್ತದೆ. ಮರಗುಬ್ಬಿ ತಲೆ ಕೆಳಗೆ ಮಾಡಿಕೊಂಡು ಇಳಿಯುತ್ತದೆ. ತುದಿಯಲ್ಲಿ ಕುಟ್ರು, ಚಿತ್ರಪಕ್ಷಿ, ದೊಡ್ಡ ಕೊಕ್ಕಿನ ಮಂಗಟ್ಟೆ.

ಒಣಗಿದ ಕೊಂಬೆಯನ್ನಂತೂ ಬಿಡಲೇಬೇಡಿ. ಮರಕುಟಿಗ ಅದರಲ್ಲಿ ಗೂಡು ಕೊರೆದು ಒಂದು ವರ್ಷ ಸಂಸಾರ ಮಾಡಿ ಹೋಗುತ್ತದೆ. ಮುಂದಿನ ವರ್ಷ ಅದೇ ತೂತಿನಲ್ಲಿ ಗಿಳಿ, ಆಮೇಲೆ ಗೊರವಂಕ, ಆಮೇಲೆ ಹಾಲಕ್ಕಿ. ಕಟ್ಟಿಸಿದವನು ಒಬ್ಬ, ಬಾಡಿಗೆ ಕೊಡದೆ ಇರುವವರು ಮೂರು ಜನ. ತೋಟದಲ್ಲಿ ಒಣಮರ ಇದೆ ಅಂತ ಕಡಿಸುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕಾಡೆಲ್ಲಾ ಸದ್ದಿಲ್ಲದೆ ಇದ್ದು, ಇದ್ದಕ್ಕಿದ್ದ ಹಾಗೆ ಎಲ್ಲೆಲ್ಲೂ ಹಕ್ಕಿ ತುಂಬಿಕೊಂಡು, ಐದು ನಿಮಿಷದಲ್ಲಿ ಮತ್ತೆ ಖಾಲಿಯಾಗುವುದುಂಟು. ಅದು ಬೆರಕೆ ಹಿಂಡು. ಹತ್ತು ಹನ್ನೆರಡು ಜಾತಿಯ ಸಣ್ಣ ಹಕ್ಕಿಗಳು ಜೊತೆಯಾಗಿ ಮೇಯುತ್ತಾ ಸಾಗುತ್ತವೆ. ಒಂದು ಎಬ್ಬಿಸಿದ ಹುಳ ಇನ್ನೊಂದಕ್ಕೆ. ಗಿಡುಗ ಬಂದರೆ ನೋಡಲು ಹೆಚ್ಚು ಕಣ್ಣು. ಈ ಹಿಂಡಿನಲ್ಲಿ ಮೇಸ್ತ್ರಿಯ ಹಾಗೆ ಇರುವುದು ಭೀಮರಾಜ. ಕಪ್ಪು ಹಕ್ಕಿ, ಬಾಲದಲ್ಲಿ ಎರಡು ತಂತಿ, ತುದಿಗೆ ಎಲೆ ಕಟ್ಟಿದ ಹಾಗೆ. ಗಿಡುಗದ ಕೂಗನ್ನೂ ಅಣಕಿಸುತ್ತದೆ, ಕಳ್ಳ. ಸಫಾರಿ ಜೀಪಿನಲ್ಲಿ ಭೀಮರಾಜ ಕಂಡರೆ ಇಂಜಿನ್ ಆಫ್ ಮಾಡಲು ವಿನಂತಿಸಿ. ಹಿಂಡಿನ ಹಿಂದೆ ಕಣ್ಣು ಓಡಿಸಬೇಡಿ. ಅದು ಯಾವ ಕಡೆ ಸಾಗುತ್ತಿದೆ ನೋಡಿ, ಮುಂದಿನ ಒಂದು ಮರ ಆರಿಸಿಕೊಂಡು ಅದನ್ನೇ ನೋಡುತ್ತಿರಿ. ಒಂದೊಂದಾಗಿ ಅಲ್ಲಿಗೇ ಬರುತ್ತವೆ, ಸ್ಟಾಪಿಗೆ ಬಂದ ಹಾಗೆ.

ನೀರು ಏರಿದಾಗ, ಇಳಿದಾಗ

ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಅದಕ್ಕೆ ಮೂರು ವರ್ಷ ಮುಂಚೆ, 1971ರಲ್ಲಿ, ಕಾಕನಕೋಟೆಯ ಕೊನೆಯ ಖೆಡ್ಡಾ ನಡೆಯಿತು. ಆನೆ ಹಿಡಿಯುತ್ತಿದ್ದ ಆ ಕಾಡಿನ ಒಂದು ಭಾಗ ನೀರಿನಡಿ ಹೋಯಿತು. ಮುಳುಗಿದ ಮರಗಳಲ್ಲಿ ಗಟ್ಟಿ ಜಾತಿಯವು ಇವತ್ತಿಗೂ ಬೆಳ್ಳಗೆ ಮೂಳೆಯ ಹಾಗೆ ನಿಂತಿವೆ. ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವುದು ಅದರ ಮೇಲೆ. ಹಾವಕ್ಕಿ ಕೂರುವುದು ಅದರ ಮೇಲೆ. ಚಳಿಗಾಲದಲ್ಲಿ ಡೇಗೆ ಬಂದು, ಮೇಲಿಂದ ಕಾಲು ಮುಂದೆ ಚಾಚಿ ನೀರಿಗೆ ಬಿದ್ದು, ಮೀನು ಹೊತ್ತುಕೊಂಡು ಹೋಗಿ ತಿನ್ನುವುದೂ ಅದರ ಮೇಲೇ.

ಇಲ್ಲಿ ಮಿಂಚುಳ್ಳಿ ನೋಡಿ ಜಾಗ ಕಲಿಯಬಹುದು. ತೆರೆದ ನೀರಿನ ಮೇಲೆ, ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು ಧುಮುಕುವುದು ಕಪ್ಪು ಬಿಳುಪು ಮಿಂಚುಳ್ಳಿ. ಅದಕ್ಕೆ ಕೂರಲು ಕೊಂಬೆಯೇ ಬೇಡ. ದಡದ ಪುಟ್ಟ ಕಡ್ಡಿಯ ಮೇಲೆ, ನೀರಿಗೆ ಒಂದು ಗೇಣು ಮೇಲೆ ಕೂರುವುದು ಪುಟ್ಟ ನೀಲಿ ಮಿಂಚುಳ್ಳಿ. ಮರ ಬಾಗಿ ನೆರಳಾದ ಹೊಳೆಯ ತಿರುವಿನಲ್ಲಿ, ದೊಡ್ಡ ಕೆಂಪು ಕೊಕ್ಕಿನದು ಹೆಮ್ಮಿಂಚುಳ್ಳಿ. ನಾಲ್ಕನೆಯದು, ಎದೆ ಬಿಳಿ ಇರುವ ಗದ್ದೆ ಮಿಂಚುಳ್ಳಿ, ನೀರನ್ನು ಅಷ್ಟಾಗಿ ಹಚ್ಚಿಕೊಂಡದ್ದಲ್ಲ. ಓತಿಕೇತ, ಮಿಡತೆ ಸಿಕ್ಕರೆ ಸಾಕು. ಜಯಪುರದ ತಂತಿಯ ಮೇಲೂ ಇರುತ್ತದೆ.

ಮಳೆಗಾಲ ಮುಗಿದಾಗ ಹಿನ್ನೀರು ತುಂಬಿರುತ್ತದೆ, ಆಗ ದಡದ ಹಕ್ಕಿ ಕಮ್ಮಿ. ಏಪ್ರಿಲ್ ಮೇ ಹೊತ್ತಿಗೆ ನೀರು ಇಳಿದು, ತಳದ ಮಣ್ಣಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಆನೆ ಹಿಂಡು ಬರುವುದು ಆ ಹುಲ್ಲಿಗೆ. ಜೊತೆಗೆ ಟಿಟ್ಟಿಭ, ಬಿಳಿ ಕೊರಳಿನ ಕೊಕ್ಕರೆ, ಬಣ್ಣದ ಕೊಕ್ಕರೆ. ಆನೆ ಕಾಲಿನ ಹತ್ತಿರವೇ ಬೆಳ್ಳಕ್ಕಿ. ಕಾಡಿನ ಒಳಗೂ ಇಂಥ ಹುಲ್ಲಿನ ಜೌಗು ಬಯಲುಗಳಿವೆ, ಅವಕ್ಕೆ ಹಡ್ಲು ಅನ್ನುತ್ತಾರೆ. ಮರ ಮುಗಿದು ಹಡ್ಲು ಶುರುವಾಗುವ ಅಂಚೇ ಹಕ್ಕಿ ನೋಡಲು ಒಳ್ಳೆ ಜಾಗ. ಎರಡೂ ಕಡೆಯವರು ಅಲ್ಲಿಗೆ ಬರುತ್ತಾರೆ.

ಎತ್ತರದ ಮರದ ನೆತ್ತಿಯಲ್ಲಿ ಗೂನುಬೆನ್ನಿನ ದೊಡ್ಡ ಹಕ್ಕಿಗಳು ಕೂತಿದ್ದರೆ ಚೆನ್ನಾಗಿ ನೋಡಿಕೊಳ್ಳಿ. ರಣಹದ್ದು ಇರಬಹುದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಮದ್ದು, ಸತ್ತ ದನದ ಮಾಂಸದ ಮೂಲಕ ಇವುಗಳ ಮೂತ್ರಪಿಂಡ ಕೆಡಿಸಿ, ದೇಶದಲ್ಲೆಲ್ಲಾ ಸಾಯಿಸಿತು. 2006ರಲ್ಲಿ ದನಗಳಿಗೆ ಆ ಮದ್ದು ನಿಷೇಧವಾಯಿತು. ದಕ್ಷಿಣದಲ್ಲಿ ಅವು ಇನ್ನೂ ಉಳಿದಿರುವ ಕೆಲವೇ ಜಾಗಗಳಲ್ಲಿ ಈ ಬಂಡೀಪುರ, ನಾಗರಹೊಳೆ ಸೀಮೆಯೂ ಒಂದು.

ಯಾವ ತಿಂಗಳು, ಏನು ಸಾಮಾನು

ಹಕ್ಕಿ ಜಾಸ್ತಿ ಬೇಕಾದರೆ ನವೆಂಬರಿನಿಂದ ಮಾರ್ಚ್. ವಲಸೆ ಹಕ್ಕಿಯೂ ಇರುತ್ತದೆ, ಮರದ ಎಲೆಯೂ ಉದುರಿರುತ್ತದೆ. ನನ್ನ ಮೆಚ್ಚಿನ ಕಾಲ ಮಾತ್ರ ಫೆಬ್ರವರಿ ಕೊನೆ. ಮುತ್ತುಗ, ಬೂರುಗ ಎಲೆಯೆಲ್ಲಾ ಕಳಚಿ ಬರೀ ಹೂವಾಗಿ ನಿಂತಿರುತ್ತವೆ. ಹೂವಿನ ಜೇನಿಗೆ ಸೂರಕ್ಕಿ, ಕಾಜಾಣ, ಗೊರವಂಕ, ಮಟಪಕ್ಷಿ ಎಲ್ಲಾ ಒಂದೇ ಮರಕ್ಕೆ ಮುಗಿಬೀಳುತ್ತವೆ. ಹೂ ಬಿಟ್ಟ ಒಂದು ಬೂರುಗದ ಮರ ಸಿಕ್ಕರೆ ಅವತ್ತು ಬೇರೆ ಕಡೆ ಹೋಗಬೇಡಿ. ಮೊದಲ ಮಳೆ ಬಿದ್ದ ಸಂಜೆಯೂ ಹಾಗೇ. ಹುತ್ತದಿಂದ ಗೆದ್ದಲಿನ ರೆಕ್ಕೆಹುಳ ಎದ್ದರೆ ಕಾಗೆಯಿಂದ ಹಿಡಿದು ಗರುಡನವರೆಗೆ ಊಟಕ್ಕೆ ಬರುತ್ತವೆ.

ದುರ್ಬೀನು 8×42 ಸಾಕು. ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್. ಗಾಜು ದೊಡ್ಡದಿದ್ದಷ್ಟೂ ಕಾಡಿನ ಮಬ್ಬಿನಲ್ಲಿ ಬೆಳಕು ಚೆನ್ನಾಗಿ ಬರುತ್ತದೆ. ಹತ್ತು, ಹನ್ನೆರಡು ಪಟ್ಟಿನದು ಕೈ ನಡುಗಿದರೆ ಹಕ್ಕಿಯೂ ನಡುಗುತ್ತದೆ, ನನ್ನ ವಯಸ್ಸಿನವರಂತೂ ಅದರ ಸುದ್ದಿಗೆ ಹೋಗಬೇಡಿ. ಬಟ್ಟೆ ಮಂಕು ಬಣ್ಣದ್ದು. ಸೆಂಟು ಬೇಡ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವ ಚಾಳಿ ಈಗ ಶುರುವಾಗಿದೆ. ಅದು ಬೇಡವೇ ಬೇಡ. ಗೂಡಿನಲ್ಲಿ ಮರಿ ಬಿಟ್ಟು, ಯಾವನೋ ನನ್ನ ಜಾಗಕ್ಕೆ ಬಂದ ಅಂತ ಅದು ಓಡಿ ಬರುತ್ತದೆ. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಥರದ ಆ್ಯಪ್ ಇಟ್ಟುಕೊಳ್ಳಿ, ಆದರೆ ಮೊದಲು ನೀವೇ ಊಹಿಸಿ.

ಕಾಡಿಗೆ ಹೋಗಲು ಆಗದ ವಾರ ಮೈಸೂರಿನ ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಸಾಕು. ರಂಗನತಿಟ್ಟಂತೂ ಕಣ್ಣಿಗೆ ಅಭ್ಯಾಸ ಕೊಡಲು ಹೇಳಿ ಮಾಡಿಸಿದ ಜಾಗ. ಪಕ್ಷಿತಜ್ಞ ಸಲೀಂ ಅಲಿ ಅವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿಯೂ ದೋಣಿಯಲ್ಲಿ ಕೂತು ಜಾಗ ಓದಿ. ನಡುಗಡ್ಡೆಯ ಮರದ ಮೇಲೆ ಚಮಚಕೊಕ್ಕು, ಬಣ್ಣದ ಕೊಕ್ಕರೆ. ಬರೀ ಬಂಡೆಯ ಮೇಲೆ ರೀವ ಹಕ್ಕಿ. ಮೊಸಳೆಗೂ ಬಂಡೆಯೇ ಬೇಕು, ಆದರೆ ಅದು ಬೇರೆ ಮಾತು.

ಒಂದು ಎಚ್ಚರಿಕೆ, ನನ್ನ ತಲೆ ಮೇಲೆ ಬಂದದ್ದು. ಬಳ್ಳೆ ಆನೆ ಶಿಬಿರದ ಹತ್ತಿರ ಒಂದು ದಿನ ಬೂದು ಮಂಗಟ್ಟೆ ಕಂಡಿತು. ರೋಡ್ ಹಂಪ್ ಬಂತು ಅಂತ ಬಸ್ಸು ನಿಧಾನ ಮಾಡಿತ್ತು. ಮಂಗಟ್ಟೆ ಕೊಂಬೆಯಿಂದ ಕೊಂಬೆಗೆ ಹಾರುತ್ತಾ ನಮ್ಮ ಜೊತೆಗೇ ಬಂತು. ನಾನು ಬಾಗಿಲ ಕಂಬಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಹಿಂದಿನ ಸೀಟಿನಲ್ಲಿ ಹತ್ತಿದ್ದ ಒಬ್ಬ ಅಜ್ಜಿಗೆ ಟಿಕೆಟ್ ಕೊಡುವುದನ್ನೇ ಮರೆತೆ. ಕಾಡು ದಾಟಿದ ಕೂಡಲೇ ಚೆಕಿಂಗ್‌ನವರು ಹತ್ತಿದರು. ಅಜ್ಜಿ ದುಡ್ಡು ಮುಷ್ಟಿಯಲ್ಲಿ ಹಿಡಿದೇ ಕೂತಿತ್ತು. "ಕೇಳ್ಲಿಲ್ಲ ಕಣಪ್ಪಾ, ಮರ ನೋಡ್ತಿದ್ದ" ಅಂತ ನಿಜವನ್ನೇ ಹೇಳಿತು. ಮೆಮೊ ಬಂತು. ತಪ್ಪು ನನ್ನದೇ. ಹಕ್ಕಿ ನೋಡುವಾಗ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಗಾಡಿ ಓಡಿಸುವವರಂತೂ ಖಂಡಿತಾ ಬೇಡ.

ಬರೆದಿಡುವುದು ಹೇಗೆ

ನಾನು ಬರೆದುಕೊಳ್ಳುತ್ತಿದ್ದದ್ದು ಮುಗಿದ ಟಿಕೆಟ್ ಬುಕ್ಕಿನ ರಟ್ಟಿನ ಹಿಂದೆ. ಅಷ್ಟು ಚಿಕ್ಕ ಜಾಗ ಇದ್ದದ್ದೇ ಒಳ್ಳೆಯದಾಯಿತು. ಐದೇ ಸಂಗತಿ ಹಿಡಿಸುತ್ತಿತ್ತು. ಯಾವ ಜಾಗ, ಯಾವ ಮರ, ಎಷ್ಟು ಎತ್ತರದಲ್ಲಿ, ಏನು ಮಾಡುತ್ತಿತ್ತು, ಕೊನೆಗೆ ಮೈಬಣ್ಣ. ಹೆಸರಿಗೆ ಬಲಗಡೆ ಖಾಲಿ ಜಾಗ ಬಿಡುತ್ತಿದ್ದೆ. ಹೆಸರು ಮೊದಲೇ ಬರೆದುಬಿಟ್ಟರೆ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ. ಶಿಕ್ರ, ಅಂದರೆ ಸಣ್ಣ ಗಿಡುಗ, ಅಂತ ಬರೆದ ಮೇಲೆ ನಾನು ಕಂಡದ್ದು ಕೋಗಿಲೆ ಜಾತಿಯ ಹಕ್ಕಿ ಅಂತ ಎಷ್ಟೋ ದಿನ ಗೊತ್ತೇ ಆಗಿರಲಿಲ್ಲ ನನಗೆ. ಮೈ ಬಣ್ಣ ಎರಡಕ್ಕೂ ಒಂದೇ ಥರ. ಶಿಕ್ರ ಕಂಬಳಿಹುಳ ಹೆಕ್ಕಿಕೊಂಡು ಕೂರುವುದಿಲ್ಲ ಅನ್ನುವುದು ರಟ್ಟಿನ ಮೇಲೆ ಬರೆದ "ಏನು ಮಾಡುತ್ತಿತ್ತು" ನೋಡಿದಾಗ ಹೊಳೆಯಿತು.

ವಾಪಸ್ ಬರುವಾಗ ಅಕ್ಕನ ಮಗಳು ಕ್ಯಾಮೆರಾ ತೊಡೆ ಮೇಲಿಟ್ಟುಕೊಂಡು ಬರೆಯುತ್ತಾ ಕೂತಿದ್ದಳು. ಒಂದು ಸಾಲು ಹೀಗಿತ್ತು: "ಹೊಲದ ಬದು, ಹಿಂದೆ ಕಂದಕ. ಅತ್ತಿ ಮರ, ತುದಿ ಕೊಂಬೆ. ಹಣ್ಣು ಇಡಿಯಾಗಿ ನುಂಗುತ್ತೆ, ಬೀಳಿಸಲ್ಲ. ಎಂಟೋ ಹತ್ತೋ ಇದ್ದವು. ಹಸಿರು, ತಲೆ ಬೂದು, ಕಾಲು ಹಳದಿ." ಮುಂದೆ ಒಂದು ದೊಡ್ಡ ಪ್ರಶ್ನೆ ಚಿಹ್ನೆ.

"ಹೇಳು ಮಾವ, ಏನದು?"

"ಇಡಿಯಾಗಿ ನುಂಗುತ್ತೆ ಅಂತ ಬರೆದಿದ್ದೀಯಲ್ಲ. ಹಾಗೆ ನುಂಗೋದು ಯಾರು?"

ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಕಾಫಿಗೆ ನಿಂತಿತು. ಹೋಟೆಲಿನ ತಗಡಿನ ಮೇಲೆ ನಾಲ್ಕು ಪಾರಿವಾಳ ಕೂತಿದ್ದವು. ಅವಳು ಲೋಟ ಕೆಳಗಿಟ್ಟು ಅವುಗಳ ಕತ್ತನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಪ್ರಶ್ನೆ ಚಿಹ್ನೆ ಹೊಡೆದು ಹಾಕಿ ಬರೆದಳು: ಹಳದಿ ಕಾಲಿನ ಹಸಿರು ಪಾರಿವಾಳ.